ಅಂತರಜಾಲದ ಕಾಲದಲ್ಲಿ ಅವಧಾನ ಮತ್ತು ಓದು

ಕೆಲವು ತಿಂಗಳುಗಳ ಹಿಂದೆ ಕಲ್ಯಾಣ ನಗರದಲ್ಲಿರುವ ನಮ್ಮ ಚಿಕಿತ್ಸಾಲಯಕ್ಕೆ 68 ವರ್ಷದ ಶರಣೆಯೊಬ್ಬರನ್ನು ಅವರ ಮಗ ಕರೆತಂದರು. ಆಕೆ ತುಮಕೂರು ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿ ನಿವೃತ್ತರಾದವರು. ಈಗ ಮಗ, ಸೊಸೆ, ಮೊಮ್ಮಗನೊಡನೆ ಇಲ್ಲಿಯೇ ನೆಲೆಸಿದ್ದಾರೆ. ಮಗನ ಮುಖದಲ್ಲಿ ಆತಂಕ ಎದ್ದು ಕಾಣುತ್ತಿತ್ತು. ಹಲವು ರಾತ್ರಿ ಅಂತರಜಾಲದಲ್ಲಿ ಮರೆವಿನ ಕಾಯಿಲೆಗಳ ಬಗ್ಗೆ ಓದಿ, ತಾಯಿಗೆ ಅಲ್ಜೈಮರ್ ಶುರುವಾಗಿದೆಯೆಂದು ತಾವೇ ನಿರ್ಣಯಿಸಿಕೊಂಡು ಬಂದಿದ್ದರು. ತಾಯಿಯ ದೂರು ಮಾತ್ರ ಒಂದೇ: "ಬೆಳಿಗ್ಗೆ ಓದಿದ ವಚನ ಮಧ್ಯಾಹ್ನದೊಳಗೆ ಮರೆತುಹೋಗುತ್ತೆ ಡಾಕ್ಟ್ರೇ. ಮೊದಲು ಹೀಗಿರಲಿಲ್ಲ."

ಇಂತಹ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ವಯಸ್ಸಾದವರಲ್ಲಿ ಮರೆವಿಗೆ ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ರಕ್ತಹೀನತೆ, ನಿದ್ರಾಹಾನಿ, ಖಿನ್ನತೆ, ಕೆಲವೊಮ್ಮೆ ತೆಗೆದುಕೊಳ್ಳುತ್ತಿರುವ ಔಷಧಗಳೇ ಕಾರಣವಾಗಿರಬಹುದು. ಅವೆಲ್ಲವನ್ನೂ ಪರೀಕ್ಷೆ ಮಾಡಿಸಿದೆವು. ವರದಿಗಳು ಸರಿಯಾಗಿಯೇ ಇದ್ದವು. ಹಿಂದಿನ ದಿನದ ಊಟ, ಹಾಲಿನವನ ಲೆಕ್ಕ, ಮನೆಯಿಂದ ಕಮ್ಮನಹಳ್ಳಿಗೆ ಹೋಗುವ ದಾರಿ, ಎಲ್ಲವನ್ನೂ ತಡವರಿಸದೆ ಹೇಳಿದರು. ನಲವತ್ತು ವರ್ಷದ ಹಿಂದಿನ ವಿದ್ಯಾರ್ಥಿಗಳ ಹೆಸರುಗಳನ್ನು ಹಾಜರಿ ಕರೆಯುವಂತೆಯೇ ಕರೆದರು. ಕೊನೆಗೆ ನಾವು ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆವು: "ವಚನವನ್ನು ಹೇಗೆ ಓದುತ್ತೀರಿ ತಾಯಿ?"

ಆಕೆ ಕೈಚೀಲದಿಂದ ಮೊಬೈಲ್ ತೆಗೆದರು. ಐದು ವಾಟ್ಸ್‌ಆ್ಯಪ್ ಗುಂಪುಗಳು. ಒಂದೊಂದರಲ್ಲೂ ಪ್ರತಿ ಮುಂಜಾನೆ ಹೂವಿನ ಚಿತ್ರದ ಮೇಲೋ ಉದಯಸೂರ್ಯನ ಚಿತ್ರದ ಮೇಲೋ ಮುದ್ರಿಸಿದ ಒಂದೆರಡು ವಚನಗಳು. ಓದುವುದು, ಕೈಮುಗಿದ ಗುರುತು ಒತ್ತುವುದು, ಮುಂದಿನದಕ್ಕೆ ಸರಿಯುವುದು. ಹೇಗೆ ಓದುತ್ತಾರೆಂದು ತೋರಿಸುತ್ತಿರುವಾಗ ನಾವು ಗೋಡೆಯ ಗಡಿಯಾರ ನೋಡಿದೆವು. ಎರಡು ನಿಮಿಷ ತುಂಬುವ ಮುನ್ನ ಹನ್ನೊಂದು ವಚನಗಳು ಮುಗಿದಿದ್ದವು. ಊರಿನಲ್ಲಿದ್ದಾಗ ಹೇಗೆ ಓದುತ್ತಿದ್ದಿರಿ ಎಂದು ವಿಚಾರಿಸಿದಾಗ, ಲಿಂಗಪೂಜೆ ಮುಗಿಸಿ ಪುಸ್ತಕದಿಂದ ಒಂದೇ ವಚನವನ್ನು ಎರಡು ಸಲ ಗಟ್ಟಿಯಾಗಿ ಓದಿ, ಅದನ್ನೇ ಗುನುಗುತ್ತ ಅಡುಗೆಮನೆಗೆ ಹೋಗುತ್ತಿದ್ದೆ ಎಂದರು.

"ಇದು ಮರೆವಲ್ಲ ತಾಯಿ" ಎಂದೆವು. "ಪೆಟ್ಟಿಗೆಯಲ್ಲಿ ಇಟ್ಟದ್ದು ಕಳೆದರೆ ಮರೆವು. ನೀವು ಇಡಲೇ ಇಲ್ಲ."

ಮಗ ನಿಟ್ಟುಸಿರು ಬಿಟ್ಟು ನಕ್ಕರು. ನಕ್ಕಾದ ಮೇಲೆ ತುಸು ಸುಮ್ಮನಿದ್ದು, "ಹಾಗಾದರೆ ನನಗೂ ಒಂದು ಚೀಟಿ ಬರೆದುಕೊಡಿ ಸಾರ್, ನಾನು ಪುಸ್ತಕ ಅಂತ ಪೂರ್ತಿ ಓದಿ ನಾಲ್ಕು ವರ್ಷವಾಯಿತು" ಎಂದರು.

ಈ ಸಂಗತಿಯನ್ನು ನಾವು ಹೊರಗೆ ನಿಂತು ಬರೆಯುತ್ತಿಲ್ಲ. ಚಕ್ರಪಾಣಿಯ ವ್ಯಾಖ್ಯಾನಸಹಿತ ಚರಕಸಂಹಿತೆಯನ್ನು ಹಿಡಿದು ಕುಳಿತರೆ ಒಂದು ಕಾಲದಲ್ಲಿ ಗಂಟೆ ಕಳೆದದ್ದು ತಿಳಿಯುತ್ತಿರಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ರೋಗಿಗಳನ್ನು ಮೊಬೈಲಿನಲ್ಲಿಯೇ ಮಾತನಾಡಿಸಬೇಕಾಗಿ ಬಂತು. ಅದು ಸದಾ ಕೈಗೆಟಕುವಲ್ಲಿ ಇರಬೇಕಾಯಿತು. ರೋಗಿಗಳ ಕರೆಗಳು ಕಡಿಮೆಯಾದ ಮೇಲೂ ಕೈ ಆ ಅಭ್ಯಾಸವನ್ನು ಬಿಡಲಿಲ್ಲ. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ, ಯಾರೂ ಕರೆಯದಿದ್ದರೂ ಕೈ ತಾನಾಗಿ ಜೇಬಿಗೆ ಹೋಗುವುದನ್ನು ನಾವು ಒಂದು ದಿನ ಗಮನಿಸಿದೆವು. ಗಮನಿಸಿದ್ದು ಒಂದು ದಿನ. ಅದು ಹಾಗೆ ಹೋಗುತ್ತಿದ್ದುದು ಎಷ್ಟು ಕಾಲದಿಂದಲೋ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. ಮನುಷ್ಯನ ಗಮನ ಎಂಟು ಸೆಕೆಂಡಿಗೆ ಇಳಿದಿದೆ, ಒಂಬತ್ತು ಸೆಕೆಂಡಿನ ಗೋಲ್ಡ್‌ಫಿಶ್ ಮೀನಿಗಿಂತಲೂ ಕಡಿಮೆಯಾಗಿದೆ ಎಂಬ ಸಂದೇಶವನ್ನು ಭಕ್ತರನೇಕರು ನಮಗೂ ಕಳಿಸಿದ್ದಾರೆ. 2015ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಕೆನಡಾ ಶಾಖೆ ಹೊರತಂದ ಒಂದು ವರದಿಯಿಂದ ಅದು ಲೋಕವೆಲ್ಲ ಹರಡಿತು. ಮೂಲವನ್ನು ಹುಡುಕಿಹೋದವರಿಗೆ ಅದರ ಹಿಂದೆ ಯಾವ ಪ್ರಯೋಗವೂ ಸಿಗಲಿಲ್ಲ. ಗಮನ ಎಂಬುದು ಬಾವಿಯ ನೀರಿನಂತೆ ಇಷ್ಟು ಮೊಳ ಎಂದು ಅಳೆಯುವ ವಸ್ತುವೂ ಅಲ್ಲ. ಪುಸ್ತಕದ ಎರಡು ಪುಟ ಓದಲಾರೆನೆನ್ನುವ ಹುಡುಗನೇ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕುಳಿತು ಇಡೀ ಪಂದ್ಯವನ್ನು ಕಣ್ಣು ಕೀಳದೆ ನೋಡುತ್ತಾನೆ. ಶಕ್ತಿ ಕಳೆದಿಲ್ಲ. ಅದು ಪಳಗಿರುವ ರೀತಿ ಬದಲಾಗಿದೆ.

ಚರಕಾಚಾರ್ಯರು ಶಾರೀರಸ್ಥಾನದ ಮೊದಲ ಅಧ್ಯಾಯದಲ್ಲಿ ಮನಸ್ಸಿಗೆ ಎರಡು ಗುಣಗಳನ್ನು ಹೇಳುತ್ತಾರೆ: ಅಣುತ್ವ ಮತ್ತು ಏಕತ್ವ. ಮನಸ್ಸು ಅಣುವಿನಷ್ಟು ಸೂಕ್ಷ್ಮ, ಮತ್ತು ಒಂದೇ ಒಂದು. ಆದ್ದರಿಂದ ಅದು ಏಕಕಾಲಕ್ಕೆ ಹಲವು ಇಂದ್ರಿಯಗಳೊಡನೆ ಕೂಡಿರಲಾರದು. ಕಣ್ಣು ತೆರೆದಿದ್ದು, ರೂಪವು ಎದುರಿಗಿದ್ದು, ಮನಸ್ಸು ಮಾತ್ರ ಅಲ್ಲಿ ಇಲ್ಲದಿದ್ದರೆ ಜ್ಞಾನ ಹುಟ್ಟುವುದಿಲ್ಲ. ಏಕಕಾಲದಲ್ಲಿ ಎರಡು ಕೆಲಸ ಮಾಡುತ್ತೇನೆಂದು ಹೆಮ್ಮೆಪಡುವವರು ವಾಸ್ತವವಾಗಿ ಅತಿ ವೇಗವಾಗಿ ಅಲ್ಲಿಂದಿಲ್ಲಿಗೆ ಓಡುತ್ತಿರುತ್ತಾರೆ, ಅಷ್ಟೆ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದರ ಬೆಲೆಯನ್ನು ತೋರಿಸಿಕೊಟ್ಟರು: ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಮನಸ್ಸಿನ ಒಂದು ಪಾಲು ಹಿಂದಿನದರಲ್ಲಿಯೇ ಉಳಿಯುತ್ತದೆ, ಹೊಸ ಕೆಲಸ ಸೊರಗುತ್ತದೆ. ಪಾತ್ರೆಯ ತಳದಲ್ಲಿ ಹಿಂದಿನ ಅಡುಗೆಯ ಗಸಿ ಉಳಿದಂತೆ.

ಈ ಓಟ ಎಷ್ಟು ಹೆಚ್ಚಿದೆ ಎಂಬುದಕ್ಕೂ ಅಳತೆಯಿದೆ. ಅಮೆರಿಕದ ಗ್ಲೋರಿಯಾ ಮಾರ್ಕ್ ಎಂಬ ಪ್ರಾಧ್ಯಾಪಕಿ ಕಚೇರಿಯಲ್ಲಿ ಕೆಲಸ ಮಾಡುವವರ ಹಿಂದೆ ನಿಂತು ಗಡಿಯಾರ ಹಿಡಿದು ಅಳೆದರು. 2004ರಲ್ಲಿ ಅವರು ಕಂಪ್ಯೂಟರಿನ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿದ್ದರು. ಇತ್ತೀಚಿನ ಅಳತೆಗಳಲ್ಲಿ ಅದು ಸುಮಾರು 47 ಸೆಕೆಂಡಿಗೆ ಇಳಿದಿದೆ. ಇದು ಅವರ ಸಾಮರ್ಥ್ಯದ ಅಳತೆಯಲ್ಲ, ಅಭ್ಯಾಸದ ಅಳತೆ. ಅವರ ಇನ್ನೊಂದು ಗಮನಿಕೆ ನಮಗೆ ಹೆಚ್ಚು ಮುಖ್ಯವೆನಿಸುತ್ತದೆ: ಹೊರಗಿನಿಂದ ಗಂಟೆ ಬಾರಿಸಿ ಕರೆದದ್ದರಿಂದ ಎದ್ದುಹೋಗುವುದಷ್ಟೇ ಅಲ್ಲದೆ, ಯಾರೂ ಕರೆಯದಿದ್ದರೂ ಜನ ತಾವಾಗಿಯೇ ತಮ್ಮ ಕೆಲಸವನ್ನು ಮುರಿದುಕೊಳ್ಳುತ್ತಾರೆ. ನಮ್ಮ ಕೈ ಜೇಬಿಗೆ ಹೋದಂತೆಯೇ.

ತಾನಾಗಿ ಏಕೆ ಹೋಗುತ್ತದೆ? ಇದರಲ್ಲಿ ಬಳಸುವವನ ತಪ್ಪಿಗಿಂತ ಕಟ್ಟಿದವನ ಜಾಣತನ ಹೆಚ್ಚು. ಪುಸ್ತಕದಲ್ಲಿ ಪುಟ ಮುಗಿಯುತ್ತದೆ, ಅಧ್ಯಾಯ ಮುಗಿಯುತ್ತದೆ, ಅಲ್ಲೊಂದು ತಂಗುದಾಣ. ಮೊದಲು ಜಾಲತಾಣಗಳಲ್ಲೂ ಪುಟ ಮುಗಿದು, ಮುಂದಿನದಕ್ಕಾಗಿ ಒತ್ತಬೇಕಿತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ತಂತ್ರಜ್ಞರು ಕೊನೆಯಿಲ್ಲದೆ ಕೆಳಗೆ ಸರಿಯುತ್ತಲೇ ಹೋಗುವ ಪುಟವನ್ನು ರೂಪಿಸಿದರು. ಅದಕ್ಕಾಗಿ ಅವರೇ ಮುಂದೆ ಪಶ್ಚಾತ್ತಾಪಪಟ್ಟು ಮಾತನಾಡಿದ್ದಾರೆ. ಎಲೆಯಲ್ಲಿ ಬಡಿಸಿದ್ದು ಮುಗಿದದ್ದೇ ಗೊತ್ತಾಗದಂತೆ ಬಡಿಸುತ್ತಲೇ ಇದ್ದರೆ ಊಟ ಸಾಕೆನ್ನುವುದು ಯಾವಾಗ? ಇನ್ನೊಂದು ತಂತ್ರ ಅದಕ್ಕಿಂತ ಹಳೆಯದು. ಪ್ರತಿ ಸಲ ಕುಕ್ಕಿದಾಗಲೂ ಕಾಳು ಸಿಕ್ಕರೆ ಪಾರಿವಾಳ ಹಸಿದಾಗ ಮಾತ್ರ ಕುಕ್ಕುತ್ತದೆ. ಯಾವಾಗ ಸಿಗುತ್ತದೆಂದು ತಿಳಿಯದಿದ್ದರೆ ಬಿಡದೆ ಕುಕ್ಕುತ್ತಲೇ ಇರುತ್ತದೆ ಎಂಬುದನ್ನು ಸ್ಕಿನ್ನರ್ ಎಂಬ ಮನೋವಿಜ್ಞಾನಿ ಕಳೆದ ಶತಮಾನದಲ್ಲಿಯೇ ಕಂಡುಕೊಂಡಿದ್ದರು. ಹತ್ತು ಸಂದೇಶಗಳಲ್ಲಿ ಒಂಬತ್ತು ನಿಸ್ಸಾರ. ಹತ್ತನೆಯದು ಮೊಮ್ಮಗಳ ಫೋಟೋ. ಆ ಹತ್ತನೆಯದಕ್ಕಾಗಿ ಬೆರಳು ಸರಿಸುತ್ತಲೇ ಇರುತ್ತೇವೆ.

ಚರಕರು ಸೂತ್ರಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ಇಂದ್ರಿಯಗಳು ತಮ್ಮ ವಿಷಯಗಳೊಡನೆ ಅತಿಯಾಗಿ, ತೀರ ಕಡಿಮೆಯಾಗಿ ಅಥವಾ ತಪ್ಪಾಗಿ ಕೂಡುವುದನ್ನು ರೋಗಗಳ ಮೂರು ಕಾರಣಗಳಲ್ಲಿ ಒಂದೆಂದು ಎಣಿಸಿದ್ದಾರೆ. ಕಣ್ಣಿನ ವಿಷಯದಲ್ಲಿ, ಪ್ರಖರವಾಗಿ ಹೊಳೆಯುವುದನ್ನು ಅತಿಯಾಗಿ ನೋಡುವುದು ಅತಿಯೋಗ. ಮಿಥ್ಯಾಯೋಗದ ಪಟ್ಟಿಯಲ್ಲಿ ಅತಿ ಸಮೀಪದ ವಸ್ತು, ಉಗ್ರವಾದದ್ದು, ಭಯಂಕರವಾದದ್ದು, ಅದ್ಭುತವಾದದ್ದು, ಹೇಸಿಕೆ ತರುವಂಥದ್ದು, ವಿಕಾರವಾದದ್ದು ಬರುತ್ತವೆ. ಅರ್ಧ ಗಂಟೆ ರೀಲ್ಸ್ ನೋಡಿ ಎದ್ದವರು ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಒಂದೊಂದಾಗಿ ಗುರುತು ಹಾಕಿಕೊಳ್ಳಬಹುದು. ಅದ್ಭುತವೂ ಏಕೆ ಆ ಪಟ್ಟಿಯಲ್ಲಿದೆ ಎಂದು ಓದುವ ಕಾಲದಲ್ಲಿ ನಮಗೆ ಅರ್ಥವಾಗಿರಲಿಲ್ಲ. ಈಗ ಆಗುತ್ತದೆ: ಕ್ಷಣಕ್ಷಣಕ್ಕೂ ಬೆರಗಾದ ಕಣ್ಣಿಗೆ ಕರಿಯ ಅಕ್ಷರಗಳ ಬಿಳಿಯ ಹಾಳೆ ಸಪ್ಪೆಯಾಗಿ ಕಾಣದೆ ಇನ್ನೇನಾದೀತು?

"ಗೊತ್ತು ಡಾಕ್ಟ್ರೇ, ತಡವಾಗಿದೆ ಅಂತ ಗೊತ್ತು, ಆದರೂ ಬಿಡಕ್ಕಾಗಲ್ಲ" ಎಂದು ಹೇಳದ ತರುಣ ರೋಗಿಯೇ ಇಲ್ಲ. ಗೊತ್ತಿರುವುದು ಧೀ. ಗೊತ್ತಿದ್ದೂ ತಡೆಯಲಾಗದಿರುವುದು ಧೃತಿಯ ಭ್ರಂಶ. ಮನಸ್ಸನ್ನು ಅಹಿತದಿಂದ ಹಿಡಿದು ನಿಲ್ಲಿಸುವ ಶಕ್ತಿಗೆ ಧೃತಿಯೆಂದು ಹೆಸರು. ಅದು ದಣಿಯುತ್ತದೆ ಎಂಬುದನ್ನು ಬೈಯುವ ತಂದೆತಾಯಿಗಳು ತಿಳಿಯಬೇಕು. ದಿನವಿಡೀ ಕೆಲಸ ಮಾಡಿ ರಾತ್ರಿ ಹನ್ನೊಂದಕ್ಕೆ ಮಲಗುವವನ ಧೃತಿಯೂ ಮಲಗಲು ಹೋಗಿರುತ್ತದೆ. ಆ ಹೊತ್ತಿಗೆ ಅವನ ಕೈಗೆ ಮೊಬೈಲ್ ಕೊಟ್ಟು ಸಂಯಮ ನಿರೀಕ್ಷಿಸುವುದು ಅನ್ಯಾಯ.

ಇನ್ನು ಓದಿನ ವಿಷಯ. ಓದು ಹುಟ್ಟುಗುಣವಲ್ಲ. ಮಾತು ಮಗುವಿಗೆ ತಾನಾಗಿ ಬರುತ್ತದೆ; ಅಕ್ಷರವನ್ನು ಮಿದುಳು ಹಠ ಹಿಡಿದು ಕಲಿಯಬೇಕು. ಮುಖಗಳನ್ನೂ ವಸ್ತುಗಳನ್ನೂ ಗುರುತಿಸಲು ಇದ್ದ ಭಾಗಗಳನ್ನು ಅದು ಅಕ್ಷರಗಳಿಗಾಗಿ ಹೊಸದಾಗಿ ದುಡಿಸಿಕೊಳ್ಳುತ್ತದೆ. ಕಲಿತದ್ದನ್ನು ಹೇಗೆ ಬಳಸುತ್ತೇವೋ ಹಾಗೆ ಅದು ರೂಪುಗೊಳ್ಳುತ್ತದೆ. ಓದುವ ಮಿದುಳನ್ನು ಕುರಿತು ಜೀವಮಾನವಿಡೀ ಅಧ್ಯಯನ ಮಾಡಿದ ಮೇರಿಯಾನ್ ವುಲ್ಫ್ ಎಂಬ ಪಂಡಿತೆ, ವರ್ಷಗಳ ಕಾಲ ಪರದೆಯ ಮೇಲೆ ಓದಿದ ಮೇಲೆ ತಮಗೆ ಪ್ರಿಯವಾಗಿದ್ದ ಒಂದು ಕಾದಂಬರಿಯನ್ನು ಮತ್ತೆ ಓದಹೋಗಿ ಸೋತುಹೋದದ್ದನ್ನು 2018ರ ತಮ್ಮ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ದಿನಕ್ಕೆ ಇಪ್ಪತ್ತು ನಿಮಿಷದಂತೆ ಹಟ ಹಿಡಿದು ಕುಳಿತು, ಸುಮಾರು ಎರಡು ವಾರಗಳಲ್ಲಿ ಹಳೆಯ ಓದನ್ನು ಮರಳಿ ಪಡೆದದ್ದನ್ನೂ ಬರೆದಿದ್ದಾರೆ. ನಮಗೆ ಧೈರ್ಯ ಕೊಟ್ಟದ್ದು ಈ ಎರಡನೆಯ ಮಾತು.

ಪರದೆಯ ಮೇಲೆ ಕಣ್ಣು ಹೇಗೆ ಚಲಿಸುತ್ತದೆಂಬುದನ್ನು 2006ರಲ್ಲಿ ಜೇಕಬ್ ನೀಲ್ಸನ್ ಎಂಬವರು ಅಳೆದು ತೋರಿಸಿದರು: ಮೊದಲ ಸಾಲು ಪೂರ್ತಿ, ಕೆಳಗಿನದೊಂದು ಅರ್ಧ, ಅನಂತರ ಎಡಬದಿಯಲ್ಲೇ ಕೆಳಕ್ಕೆ ಜಾರಿಕೊಂಡು ಹೋಗುವುದು. ಇದು ಹುಡುಕುವವನ ಕಣ್ಣು, ಓದುವವನದಲ್ಲ. ಕಾಗದವೋ ಪರದೆಯೋ ಎಂಬ ಚರ್ಚೆಯಲ್ಲಿ 2018ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಗಮನಾರ್ಹ. 54 ಅಧ್ಯಯನಗಳನ್ನೂ ಅವುಗಳಲ್ಲಿ ಭಾಗವಹಿಸಿದ 1,70,000ಕ್ಕೂ ಹೆಚ್ಚು ಓದುಗರನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ವಿಷಯ ತಿಳಿಸುವ ಬರಹಗಳಲ್ಲಿ ಕಾಗದದ ಮೇಲೆ ಓದಿದವರ ಗ್ರಹಿಕೆ ಉತ್ತಮವಾಗಿತ್ತು. ಸಮಯದ ಒತ್ತಡವಿದ್ದಾಗ ಅಂತರ ಇನ್ನೂ ಹೆಚ್ಚು. ಕಥೆಯನ್ನು ಓದುವಾಗ ಮಾತ್ರ ಅಂತಹ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಪರದೆಯೆಂದರೆ ವಿಷ ಎಂದು ಸಾರುವುದು ಸರಿಯಲ್ಲ. ಅಕ್ಷರ ದೊಡ್ಡದು ಮಾಡಿಕೊಂಡು ಮೊಬೈಲಿನಲ್ಲಿಯೇ ಇಡೀ ಕಾದಂಬರಿ ಓದುವ ಹಿರಿಯರೂ ನಮಗೆ ಪರಿಚಿತರು. ಅವರ ಕಣ್ಣಿಗೆ ಅದು ಉಪಕಾರವನ್ನೇ ಮಾಡಿದೆ.

ನಮ್ಮ ಬಡಾವಣೆಯ ಮಕ್ಕಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾದದ್ದಿದೆ. "ಮೊಬೈಲಿನಿಂದ ಗಮನವೇ ಇಲ್ಲ, ಕನ್ನಡ ಪುಸ್ತಕ ಮುಟ್ಟುವುದಿಲ್ಲ" ಎಂದು ತಾಯಂದಿರು ಕರೆತರುವ ಮಕ್ಕಳಿಗೆ ನಾವು ಒಂದು ಪುಟ ಗಟ್ಟಿಯಾಗಿ ಓದಿಸುತ್ತೇವೆ. ಬಹಳ ಸಲ ಬೇರೆಯೇ ರೋಗ ಹೊರಬೀಳುತ್ತದೆ. ಮಗು ಮನೆಯಲ್ಲಿ ಅಜ್ಜಿಯೊಡನೆ ಕನ್ನಡ ಚೆನ್ನಾಗಿ ಮಾತನಾಡುತ್ತದೆ. ಓದುವಾಗ ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತದೆ. ಕನ್ನಡದಲ್ಲಿ ಗುಣಿತಾಕ್ಷರಗಳನ್ನೇ ಎಣಿಸಿದರೂ ನೂರಾರು ರೂಪಗಳಿವೆ. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನ್ನಡದ ಅಕ್ಷರಗಳ ಮೇಲೆ ಹಿಡಿತ ಬರುವ ಕಲಿಕೆ ಇಂಗ್ಲಿಷಿನ ಅಕ್ಷರಗಳ ಕಲಿಕೆಗಿಂತ ನಿಧಾನ, ಪ್ರಾಥಮಿಕ ಶಾಲೆಯ ಹಲವು ವರ್ಷಗಳವರೆಗೆ ಅದು ಮುಂದುವರಿಯುತ್ತದೆ ಎಂದು ತೋರಿಸಿದ್ದಾರೆ. ವಾರಕ್ಕೆ ಮೂರು ನಾಲ್ಕು ಪಿರಿಯಡ್ ಮಾತ್ರ ಕನ್ನಡ ಕಲಿತು, ಸಂದೇಶಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದು, ಉಳಿದದ್ದನ್ನು ವಿಡಿಯೊದಲ್ಲಿ ಕೇಳುವ ಮಗುವಿಗೆ ಆ ವರ್ಷಗಳು ಸಿಗುವುದೇ ಇಲ್ಲ. ಅಕ್ಷರ ಬಿಡಿಸುವುದರಲ್ಲಿಯೇ ಮನಸ್ಸಿನ ಬಲವೆಲ್ಲ ವ್ಯಯವಾದರೆ ಅರ್ಥಕ್ಕೆ ಏನು ಉಳಿದೀತು? ಅಂತಹ ಮಗುವಿಗೆ ಬೈಗುಳವೂ ಲೇಹ್ಯವೂ ಬೇಡ. ಅಜ್ಜಿಯೋ ತಾತನೋ ಪಕ್ಕದಲ್ಲಿ ಕುಳಿತು ದಿನವೂ ಹತ್ತು ನಿಮಿಷ, ಅವನ ವಯಸ್ಸಿಗಿಂತ ಒಂದು ಹೆಜ್ಜೆ ಸುಲಭವಾದ ಪುಸ್ತಕವನ್ನು ಗಟ್ಟಿಯಾಗಿ ಓದಿಸಿದರೆ ಸಾಕು. ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿ. ಕನ್ನಡಕ ಬೇಕಾಗಿದ್ದ ಮಗುವನ್ನು ಸೋಮಾರಿ ಎಂದು ಬೈದ ಮನೆಗಳನ್ನು ಕಂಡಿದ್ದೇವೆ. ಎಲ್ಲ ಕಡೆಯೂ, ಆಟದಲ್ಲಿ ಸಹ ನಿಲ್ಲಲಾರದ ಮಗುವಾದರೆ ಮಕ್ಕಳ ತಜ್ಞರಿಗೆ ತೋರಿಸುವುದು ಅಗತ್ಯ.

ಭಕ್ತರಲ್ಲಿ ಕೆಲವರು ಕೇಳುತ್ತಾರೆ: ಕಾದಂಬರಿಗೆ ಸರಿ, ವಚನಗಳಿಗೇನು? ಅವು ಚಿಕ್ಕವು, ಮೊಬೈಲಿಗಾಗಿಯೇ ಹೇಳಿಮಾಡಿಸಿದಂತಿವೆ ಅಲ್ಲವೇ? ಇಲ್ಲಿಯೇ ನಾವು ಎಡವುತ್ತಿರುವುದು. ಅಂತರಜಾಲ ನಮಗೆ ಬರಹವನ್ನು ಉದ್ದದಿಂದ ಅಳೆಯಲು ಕಲಿಸಿದೆ. ನಾಲ್ಕು ಸಾಲಾದರೆ ನಾಲ್ಕು ಸೆಕೆಂಡು ಎಂಬ ಲೆಕ್ಕ. ವಚನದ ಸಾಲುಗಳು ಕಡಿಮೆ. ಅದರಲ್ಲಿ ನಿಲ್ಲಬೇಕಾದ ಹೊತ್ತು ಕಡಿಮೆಯಲ್ಲ. ಅಲ್ಲಮಪ್ರಭುಗಳ ಬೆಡಗಿನ ವಚನವೊಂದನ್ನು ಒಂದು ವಾರ ಇಟ್ಟುಕೊಂಡು ಕುಳಿತರೂ ಅದು ಪೂರ್ತಿ ಕೈಗೆ ಸಿಗುವುದಿಲ್ಲ. ಚೂರ್ಣವನ್ನು ಅನುಪಾನವಿಲ್ಲದೆ, ಬಾಯಿಗೆ ಹಾಕಿದ ಕೂಡಲೇ ಉಗುಳಿ, ಅದರ ಮೇಲೆ ಇನ್ನೊಂದು ಚೂರ್ಣ ಹಾಕಿಕೊಂಡು ಗುಣವಾಗಲಿಲ್ಲವೆನ್ನುವ ರೋಗಿಗೆ ವೈದ್ಯ ಏನು ಹೇಳಬೇಕು?

ಈ ವಚನಗಳು ನಮ್ಮ ಬೆರಳಿನ ತುದಿಗೆ ಬಂದ ದಾರಿಯನ್ನು ನೆನೆದರೆ ನಾಚಿಕೆಯಾಗುತ್ತದೆ. ಶತಮಾನಗಳ ಕಾಲ ಅವು ತಾಳೆಗರಿಗಳಲ್ಲಿ ಮನೆಮನೆಗಳ ಅಟ್ಟದ ಮೇಲೆ, ಮಠಗಳ ಜಗಲಿಯ ಮೇಲೆ ಇದ್ದವು. ಕಂಟದಿಂದ ಕೊರೆದ ಅಕ್ಷರಕ್ಕೆ ಮಸಿ ಸವರಿ, ಒರಸಿ, ಬೆಳಕಿಗೆ ಹಿಡಿದು ಓದಬೇಕಿತ್ತು. ಅವಸರದ ಓದಿಗೆ ಅವಕಾಶವೇ ಇರಲಿಲ್ಲ. ವಿಜಯಪುರದ ಫ.ಗು. ಹಳಕಟ್ಟಿಯವರು ವಕೀಲಿಯ ಸಂಪಾದನೆಯನ್ನು ಅವುಗಳಿಗೆ ಸುರಿದು, ಊರೂರು ತಿರುಗಿ ಗರಿಗಳನ್ನು ಕೂಡಿಹಾಕಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆ ಆರಂಭಿಸಿದರು. ಗದಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಸಿದ್ಧಲಿಂಗ ಮಹಾಸ್ವಾಮಿಗಳವರು ಹೊರತಂದ ನೂರಾರು ಗ್ರಂಥಗಳಿಂದಾಗಿ ಅವರನ್ನು ಜನ ಪುಸ್ತಕದ ಸ್ವಾಮೀಜಿ ಎಂದೇ ಕರೆದರು. 1993ರಲ್ಲಿ ಕರ್ನಾಟಕ ಸರ್ಕಾರ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಈಗ ವಚನ ಸಂಚಯ ಎಂಬ ಜಾಲತಾಣದಲ್ಲಿ ಯಾವುದಾದರೂ ಒಂದು ಪದವನ್ನು ಕೊಟ್ಟರೆ ಅದು ಬರುವ ವಚನಗಳೆಲ್ಲ ಒಂದೇ ಕಡೆ ದೊರೆಯುತ್ತವೆ. ಹಳಕಟ್ಟಿಯವರಿಗೆ ಇದು ಸಿಕ್ಕಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ! ಅಂತರಜಾಲದ ಋಣವನ್ನು ಅಲ್ಲಗಳೆಯುವ ಮನಸ್ಸು ನಮಗಿಲ್ಲ. ಗುಂಪುಗಳಲ್ಲಿ ಬಸವಣ್ಣನವರ ಹೆಸರಿನಲ್ಲಿ ಸುತ್ತಾಡುವ ಎಷ್ಟೋ ಸುಭಾಷಿತಗಳು ವಚನಗಳೇ ಅಲ್ಲ. ಅದನ್ನು ಕಂಡುಕೊಳ್ಳಲು ಇರುವ ಸುಲಭ ಸಾಧನವೂ ಅಂತರಜಾಲವೇ.

ಒಂದು ಮಾತು ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳುತ್ತೇವೆ. ಮೊಬೈಲನ್ನು ನಾವು ಹಿಡಿಯುವುದು ಬಹುಮಟ್ಟಿಗೆ ಎಡ ಅಂಗೈಯಲ್ಲಿ, ಎದೆಯ ಮಟ್ಟದಲ್ಲಿ, ಕತ್ತು ತುಸು ಬಾಗಿಸಿ. ಆ ಅಂಗೈ, ಆ ಮಟ್ಟ, ಆ ನೋಟ ನಮಗೆ ಬೇರೊಂದು ಕಾರಣಕ್ಕಾಗಿ ಪರಿಚಿತ. ಇಷ್ಟಲಿಂಗ ಕ್ಷಣಕ್ಷಣಕ್ಕೂ ಬದಲಾಗುವುದಿಲ್ಲ. ಹೊಸದೇನನ್ನೂ ತೋರಿಸಿ ಕಣ್ಣನ್ನು ಸೆಳೆಯುವುದಿಲ್ಲ. ನೋಟ ತಾನಾಗಿ ಹೋಗಿ ಅಲ್ಲಿ ನಿಲ್ಲಬೇಕು, ಸರಿದಾಗ ಮತ್ತೆ ತಂದು ನಿಲ್ಲಿಸಬೇಕು. ಅವಧಾನದ ವ್ಯಾಯಾಮವೆಂದರೆ ಹೀಗೆ ತಂದು ನಿಲ್ಲಿಸುವುದೇ. ಪರದೆಯಲ್ಲಿ ನೋಟ ಸರಿಯುವ ಮುನ್ನವೇ ಚಿತ್ರ ಸರಿಯುತ್ತದೆ; ತಂದು ನಿಲ್ಲಿಸುವ ಕೆಲಸವೇ ಇಲ್ಲ. ದಿನವೂ ಪೂಜೆಯನ್ನು ಅವಸರವಿಲ್ಲದೆ ಮಾಡುವ ಭಕ್ತರಿಗೆ ಓದನ್ನು ಮರಳಿ ಕಲಿಯುವುದು ಸುಲಭವಾಗುವುದನ್ನು ನಾವು ಕಂಡಿದ್ದೇವೆ. ಇದು ನಮ್ಮ ಅನುಭವದ ಮಾತು, ಪ್ರಯೋಗಶಾಲೆಯದಲ್ಲ.

ಚಿಕಿತ್ಸೆಗೆ ಬರೋಣ. ಬಹುಮಂದಿ ಆವೇಶದಿಂದ ಒಂದೇ ದಿನ ಎಲ್ಲವನ್ನೂ ತೆಗೆದುಹಾಕಿ, ಎಂಟನೆಯ ದಿನ ಎರಡರಷ್ಟು ನೋಡುತ್ತಾರೆ. ಅಭ್ಯಾಸವಾದದ್ದನ್ನು, ಅದು ಅಹಿತವಾದರೂ, ಹಠಾತ್ತನೆ ಬಿಡಬಾರದೆಂಬುದು ಆಯುರ್ವೇದದ ನಿಲುವು. ಚರಕರು ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ಹೇಳಿದ ಕ್ರಮಕ್ಕೆ ಪಾದಾಂಶಿಕ ಕ್ರಮವೆಂದು ಹೆಸರು. ಅಹಿತದ ಕಾಲುಭಾಗವನ್ನು ಬಿಡುವುದು. ಬಿಟ್ಟ ಜಾಗವನ್ನು ಖಾಲಿ ಇಡದೆ ಹಿತವಾದದ್ದರ ಕಾಲುಭಾಗವನ್ನು ತಂದು ತುಂಬುವುದು. ಅದು ಒಗ್ಗಿದ ಮೇಲೆ ದಿನಗಳ ಅಂತರ ಕೊಟ್ಟು ಮುಂದಿನ ಕಾಲುಭಾಗ. ಹೀಗೆ ಮೆಲ್ಲಗೆ ಕಳೆದ ದೋಷ ಮರಳುವುದಿಲ್ಲ, ಮೆಲ್ಲಗೆ ಬಂದ ಗುಣ ಅಲುಗುವುದಿಲ್ಲ ಎಂಬುದು ಅವರ ಆಶಯ.

ಆ ತಾಯಿಗೂ ಮಗನಿಗೂ ನಾವು ಬರೆದುಕೊಟ್ಟದ್ದು ಇದನ್ನೇ. ಚರಕರು ಹೇಳುವ ಅಂತರ ಕೆಲವೇ ದಿನಗಳದ್ದು. ಈ ಅಭ್ಯಾಸ ಹಟಮಾರಿಯಾದ್ದರಿಂದ ನಾವು ಪಾದಕ್ಕೊಂದು ವಾರವಿಟ್ಟೆವು. ಮೊದಲ ವಾರ ಬೆಳಗಿನ ಮೊಬೈಲ್ ಮಾತ್ರ ಬಿಡುವುದು: ಎದ್ದ ಮೇಲೆ ಪೂಜೆ ಮುಗಿಯುವವರೆಗೆ ಅದು ಬೇರೆ ಕೋಣೆಯಲ್ಲಿರಬೇಕು. ಮೇಜಿನ ಮೇಲೆ ಬೋರಲು ಹಾಕಿಟ್ಟರೆ ಸಾಲದು. 2017ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದವರು ನಡೆಸಿದ ಪ್ರಯೋಗದಲ್ಲಿ, ಮೊಬೈಲ್ ಮೇಜಿನ ಮೇಲಿದ್ದವರಿಗಿಂತ ಬೇರೆ ಕೋಣೆಯಲ್ಲಿಟ್ಟವರು ಬುದ್ಧಿಯ ಪರೀಕ್ಷೆಗಳಲ್ಲಿ ಮುಂದಿದ್ದರು. ಮುಂದೆ ನಡೆದ ಮರುಪ್ರಯೋಗಗಳೆಲ್ಲ ಅದನ್ನೇ ಹೇಳಿಲ್ಲ. ಆದರೂ ಬೇರೆ ಕೋಣೆಯಲ್ಲಿಡಲು ಖರ್ಚೇನೂ ಇಲ್ಲ, ನಡೆಯುವುದು ಮೊಣಕಾಲಿಗೂ ಒಳ್ಳೆಯದು. ಆ ಜಾಗಕ್ಕೆ ಪುಸ್ತಕದಿಂದ ಒಂದೇ ವಚನ, ಎರಡು ಸಲ, ಗಟ್ಟಿಯಾಗಿ. ಎರಡನೆಯ ಪಾದ ಊಟದ ಹೊತ್ತು. ಮೂರನೆಯದು ಮಲಗುವ ಮುನ್ನಿನ ಒಂದು ಗಂಟೆ. ಅಲ್ಲಿ ಹದಿನೈದು ನಿಮಿಷ ಪುಸ್ತಕ, ನಿದ್ದೆ ಬಂದರೆ ತಡೆಯಬಾರದು. ನಾಲ್ಕನೆಯ ಪಾದವಾಗಿ ಗುಂಪುಗಳ ಗಂಟೆಯ ಸದ್ದುಗಳನ್ನು ಆರಿಸಿ, ದಿನಕ್ಕೆ ಎರಡು ನಿಗದಿತ ಹೊತ್ತಿನಲ್ಲಿ ಮಾತ್ರ ನೋಡುವುದು. ಹೊರಗೂರಿನಲ್ಲಿ ಮಕ್ಕಳಿರುವ ಹಿರಿಯರು ಕರೆಯ ಸದ್ದನ್ನು ಆರಿಸಬೇಕಾಗಿಲ್ಲ.

ವಿದ್ಯಾರ್ಥಿಯ ಅಧ್ಯಯನಕ್ರಮವನ್ನು ಹೇಳುವಾಗ ಚರಕರು ವಿಮಾನಸ್ಥಾನದಲ್ಲಿ ಬೆಳಗಿನ ಜಾವ ಎದ್ದು, ಸಮವಾದ ಶುಚಿಯಾದ ಸ್ಥಳದಲ್ಲಿ ಸುಖವಾಗಿ ಕುಳಿತು, ಮನಸ್ಸನ್ನು ಮುಂದಿಟ್ಟುಕೊಂಡು ಸೂತ್ರವನ್ನು ಮತ್ತೆ ಮತ್ತೆ ಬಾಯಲ್ಲಿ ಹೇಳಿಕೊಳ್ಳಬೇಕೆನ್ನುತ್ತಾರೆ. ಗಟ್ಟಿ ಓದು ಹಳ್ಳಿಯ ಪದ್ಧತಿಯೆಂದು ನಾವು ಬಿಟ್ಟೆವು. ಗಟ್ಟಿಯಾಗಿ ಓದುವ ಬಾಯಿಗೆ ಸಾಲು ಹಾರಿಸಲು ಬರುವುದಿಲ್ಲ; ಅಲ್ಲಮನ ವಚನವಾದರೂ ಅದು ಹೇಳಿದ ವೇಗಕ್ಕೇ ನಾವು ಇಳಿಯಬೇಕು. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಔಷಧದ ಬಗ್ಗೆ. ಏಕಾಗ್ರತೆಗೆ ಬ್ರಾಹ್ಮಿ ಕೊಡಿ ಎಂದು ಕೇಳುವವರು ದಿನವೂ ಬರುತ್ತಾರೆ. ಚರಕರು ಹೇಳಿದ ಮೇಧ್ಯ ರಸಾಯನಗಳು ನಾಲ್ಕು: ಒಂದೆಲಗ, ಜ್ಯೇಷ್ಠಮಧು, ಅಮೃತಬಳ್ಳಿ, ಶಂಖಪುಷ್ಪಿ. ಒಂದೆಲಗದ ತಂಬುಳಿಯನ್ನು ವಾರಕ್ಕೆರಡು ದಿನ ಊಟದಲ್ಲಿ ಉಣ್ಣಿ, ಸಂತೋಷ. ಉಳಿದವನ್ನು ಅಂಗಡಿಯಿಂದ ತಂದು ತಾವಾಗಿಯೇ ಸೇವಿಸಬೇಡಿ. ಜ್ಯೇಷ್ಠಮಧು ಅತಿಯಾದರೆ ರಕ್ತದೊತ್ತಡ ಏರುತ್ತದೆ; ಯಕೃತ್ತಿನ ತೊಂದರೆಯಿರುವವರಿಗೆ ಅಮೃತಬಳ್ಳಿ ಸಲ್ಲದಿರಬಹುದು. ರಾತ್ರಿ ಒಂದರವರೆಗೆ ರೀಲ್ಸ್ ನೋಡುವವನಿಗೆ ಯಾವ ಘೃತವೂ ಕೆಲಸ ಮಾಡದು ಎಂಬುದನ್ನು, ನಲವತ್ತು ವರ್ಷ ಘೃತ ಬರೆದುಕೊಟ್ಟವರಾಗಿ, ಹೇಳುತ್ತಿದ್ದೇವೆ. ಶಾಲೆ, ಕೆಲಸ, ನಿದ್ದೆ, ಊಟ ಎಲ್ಲವನ್ನೂ ಬಿಟ್ಟು ಮೊಬೈಲಿಗೆ ಅಂಟಿಕೊಂಡ, ಕಿತ್ತುಕೊಂಡರೆ ಹಿಂಸೆಗಿಳಿಯುವ ಸ್ಥಿತಿಯಾದರೆ ಮನೆಮದ್ದಿನಲ್ಲಿ ಕಾಲ ಕಳೆಯಬಾರದು. ನಮ್ಮ ನಗರದ ನಿಮ್ಹಾನ್ಸ್ ಸಂಸ್ಥೆ 2014ರಿಂದ ಇದಕ್ಕಾಗಿಯೇ ಷಟ್ ಎಂಬ ಪ್ರತ್ಯೇಕ ಚಿಕಿತ್ಸಾಲಯ ನಡೆಸುತ್ತಿದೆ.

ಪುಸ್ತಕಕ್ಕೆ ಹಣವಿಲ್ಲವೆನ್ನುವವರಿಗೆ ಒಂದು ಸಣ್ಣ ಲೆಕ್ಕ: 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಂತೆ ನಾವೆಲ್ಲ ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಕಟ್ಟಿದ್ದಕ್ಕಾದರೂ ಒಮ್ಮೆ ಹೋಗಿ ಕುಳಿತು ಬರಬಹುದು.

ಎರಡು ತಿಂಗಳ ಮೇಲೆ ಆ ತಾಯಿ ಒಬ್ಬರೇ ಬಂದಿದ್ದರು, ಮೊಣಕಾಲು ನೋವಿಗೆ. ಮರೆವಿನ ಮಾತೇ ಎತ್ತಲಿಲ್ಲ, ನಾವೇ ಕೇಳಬೇಕಾಯಿತು. ಐದು ಗುಂಪುಗಳಲ್ಲಿ ಮೂರನ್ನು ಬಿಟ್ಟಿದ್ದಾರೆ. ಉಳಿದ ಒಂದರಲ್ಲಿ ಯಾರೋ ಅಕ್ಕಮಹಾದೇವಿಯ ವಚನವೆಂದು ಹಾಕಿದ್ದನ್ನು ಸಂಪುಟ ತೆಗೆದು ನೋಡಿ, ಇದು ಅಕ್ಕನದಲ್ಲ ಎಂದು ಬರೆದು, ಇಬ್ಬರು ಸದಸ್ಯರ ಕೋಪಕ್ಕೂ ಗುರಿಯಾಗಿದ್ದಾರೆ. ಮೊಮ್ಮಗ ಸಂಜೆ ಹತ್ತು ನಿಮಿಷ ಅವರಿಗೆ ಓದಿ ಹೇಳುತ್ತಾನೆ. ಒತ್ತಕ್ಷರದಲ್ಲಿ ಇನ್ನೂ ಎಡವುತ್ತಾನೆ. ಮಗ ಎರಡನೆಯ ಪಾದದಲ್ಲಿ ನಿಂತಿದ್ದಾರೆ, ಊಟದ ಹೊತ್ತಿನಲ್ಲಿ ಕಚೇರಿಯ ಕರೆ ಬರುತ್ತದಂತೆ. "ನಿಮ್ಮದು ಎಲ್ಲಿಗೆ ಬಂತು ಡಾಕ್ಟ್ರೇ?" ಎಂದು ಆಕೆ ಕೇಳಿದರು. ನಮ್ಮದು ಮೂರನೆಯದರಲ್ಲಿದೆ. ಕಳೆದ ವಾರ ಎರಡು ರಾತ್ರಿ ತಪ್ಪಿತು.